ಮುಚ್ಚಿದರೆ ಮುಚ್ಚಿಕೊಳ್ಳುವ ವಸ್ತು

ಕಳೆದ ತಿಂಗಳು ಊರಿಗೆ ಹೋದಾಗ ಕಪಾಟಿನಲ್ಲಿ ಕೊಡೆ ಹುಡುಕುತ್ತಿದ್ದೆ. ಕೊಡೆ ಸಿಗಲಿಲ್ಲ, ಒಂದು ಚೀಲ ಸಿಕ್ಕಿತು. ಕಿಟಕಿಯ ಪರದೆಗೆಂದು ತಂದು ಉಳಿದ ನೇರಳೆ ಹೂವಿನ ಬಟ್ಟೆ, ಸುತ್ತ ಹಳದಿ ಅಂಚು, ಬಾಯಿಗೆ ಲಂಗದ ಲಾಡಿ. ಗೊತ್ತಿಲ್ಲದವರು ನೋಡಿದರೆ ಯಾವುದೋ ಭಜನಾ ಮಂಡಳಿಯ ಹಾರ್ಮೋನಿಯಂ ಚೀಲವೆಂದು ತಿಳಿದಾರು. ಅದು ನನ್ನ ಮೊದಲ ಲ್ಯಾಪ್‌ಟಾಪಿನ ಅಂಗಿ. ಒಳಗಿದ್ದದ್ದು ಕೆಟ್ಟು ಗುಜರಿ ಸೇರಿ ವರ್ಷಗಳಾದವು. ಅಂಗಿಯ ಒಂದು ಹೊಲಿಗೆಯೂ ಬಿಟ್ಟಿಲ್ಲ.

ನಾವುಂದದ ನಮ್ಮ ಮನೆಯಿಂದ ಸಮುದ್ರ ಕಾಣಿಸುವುದಿಲ್ಲ, ಕೇಳಿಸುತ್ತದೆ. ಅಮ್ಮನ ಪ್ರಕಾರ ಅದು ಹಗಲಿರುಳು ನಮ್ಮ ಮನೆಯ ಯಂತ್ರಗಳನ್ನು ತಿನ್ನಲು ಹೊಂಚು ಹಾಕುತ್ತಿರುತ್ತದೆ. ಉಪ್ಪುಗಾಳಿಯ ಹೆದರಿಕೆಯಿಂದ ಅವರು ಹೊಲಿಗೆ ಯಂತ್ರದ ಮುಂದೆ ಕುಳಿತವರು ಮತ್ತೆ ಏಳಲೇ ಇಲ್ಲ ಎನ್ನಬಹುದು. ನಾನು ಒಂದನೇ ತರಗತಿಗೆ ಸೇರುವ ಹೊತ್ತಿಗೆ ಟಿ.ವಿ.ಗೆ ಜಾಲರಿ ಇಟ್ಟ ಮುಸುಕು ಬಂದಿತ್ತು. ಆಮೇಲೆ ಮಿಕ್ಸಿಗೆ, ಗ್ರೈಂಡರಿಗೆ, ಫ್ರಿಜ್ಜಿನ ಹಿಡಿಕೆಗೆ. ಹೊಲಿಗೆ ಯಂತ್ರಕ್ಕೂ ಒಂದು ಅಂಗಿಯಿತ್ತು, ಅದನ್ನು ಅದೇ ಹೊಲಿದುಕೊಂಡಿತ್ತು. ರಿಮೋಟಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಹಾಕಿ, ಅದರೊಳಗಿನ ಅಂಕಿಗಳನ್ನು ನಾವು ಕಣ್ಣಿನಿಂದಲ್ಲ, ಹೆಬ್ಬೆರಳಿನ ನೆನಪಿನಿಂದ ಓದುತ್ತಿದ್ದೆವು.

ಯಂತ್ರಗಳಿಗಿದ್ದ ಈ ಮರೆ ಮನುಷ್ಯರಿಗಿರಲಿಲ್ಲ. ಫೋನಿಗೆ ಕುಸುರಿಯ ಹೊದಿಕೆ ಇತ್ತು, ಫೋನಿನಲ್ಲಿ ಆಡಿದ ಮಾತಿಗೆ ಇರಲಿಲ್ಲ. ಅದು ಜಗಲಿಯ ನಡುವೆಯೇ ಕುಳಿತಿತ್ತು. ಬೈಂದೂರಿನಿಂದ ನನ್ನ ಸಹಪಾಠಿಯೊಬ್ಬಳು ಪರೀಕ್ಷೆಯ ವೇಳಾಪಟ್ಟಿ ಕೇಳಲು ಫೋನ್ ಮಾಡಿದರೆ, ಅಮ್ಮ ಕುಚ್ಚಲಕ್ಕಿ ಆರಿಸುವ ಮೊರ ಹಿಡಿದು ಅಲ್ಲಿಗೇ ಬರುತ್ತಿದ್ದರು. ಅಪ್ಪಯ್ಯ ಪೇಪರು ಕೆಳಗಿಳಿಸುತ್ತಿದ್ದರು. ಪಕ್ಕದ ಹಿತ್ತಲಿನಲ್ಲಿದ್ದ ಅಪ್ಪಯ್ಯನ ಅಕ್ಕ ಗುಲಾಬಿ ಅತ್ತೆ ಗಂಟೆಯ ಸದ್ದಿಗೇ ಬೇಲಿ ದಾಟಿ ಬಂದಾಗಿರುತ್ತಿತ್ತು; ಅತ್ತೆಯಂಥವರನ್ನು ನಮ್ಮ ಕಡೆ ಸಲಿಗೆಯಿಂದ ‘ಅದು’ ಎಂದೇ ಹೇಳುವುದು. ನಾನು ಫೋನಿಟ್ಟ ಮೇಲೆ ಸಭೆ ಶುರು.

"ಅದ್ ಕಡಿಗ್ ಎಂತಕ್ ನೆಗಾಡಿದ್ದ್?" ಎಂದು ಅತ್ತೆ ನನ್ನ ಕೊನೆಯ ನಗುವಿನ ವಿಚಾರಣೆ ತೆಗೆಯುತ್ತಿತ್ತು.

"ನೆಗಾಡ್ಲಿಲ್ಲ ಅತ್ತೆ, ಕೆಮ್ಮಿದ್ದ್."

"ಕೆಮ್ಮ್ ಹಂಗಿರತ್ತಾ? ನಂಗ್ ಕೆಮ್ಮ್ ಗೊತ್ತಿಲ್ಯಾ?"

ಬಚ್ಚಲು ಬಿಟ್ಟರೆ ನಮ್ಮ ಮನೆಯಲ್ಲಿ ಬೇರೆಲ್ಲೂ ಒಳಗಿನಿಂದ ಚಿಲಕವಿರಲಿಲ್ಲ. ಇದ್ದದ್ದು ಬಾಗಿಲು ಮತ್ತು ಪರದೆ, ಬಾಗಿಲು ಹಾಕಿದರೆ "ಹುಷಾರಿಲ್ಯಾ?" ಎಂದು ಕೇಳಿಕೊಂಡು ಯಾರಾದರೂ ತೆರೆದೇ ಬರುತ್ತಿದ್ದರು. ಮರೆ ಎಂಬುದು ನಮ್ಮವರಿಗೆ ಗೊತ್ತೇ ಇಲ್ಲವೆಂದಲ್ಲ. ಮದುವೆ ಮನೆಯಲ್ಲಿ ಹದಿನೈದು ಹೆಂಗಸರಿಗೆ ಒಂದೇ ಕೋಣೆ. ಸೀರೆ ಬದಲಾಯಿಸಬೇಕಾದವಳು "ಹ್ವಾಯ್, ಚೂರ್ ಆಚಿ ಮುಖ ಮಾಡಿ" ಎಂದರೆ ಸಾಕು, ಎಲ್ಲರೂ ಗೋಡೆಯ ಕಡೆ ತಿರುಗುತ್ತಿದ್ದರು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ; ಗೋಡೆ ನೋಡುತ್ತಲೇ ಸಾರಿನ ಉಪ್ಪಿನ ವಿಚಾರ, ವರನ ತಾಯಿಯ ಸರದ ವಿಚಾರ ಮುಂದುವರಿಯುತ್ತಿತ್ತು. ಚಿಕ್ಕವಳಿದ್ದಾಗ ನಾನೂ ಹಾಗೆ ಎಷ್ಟೋ ಸುಣ್ಣದ ಗೋಡೆಗಳನ್ನು ನೋಡಿದ್ದೇನೆ.

ಇಂಥ ಮನೆಯಲ್ಲಿ ಮಾತು ಕಡಿಮೆಯಾದ ಹೆಣ್ಣು ಹುಟ್ಟುವುದು ಒಂದು ಉತ್ಪಾದನಾ ದೋಷ. ಬೆಳೆದಂತೆ ಸರಿಹೋಗುತ್ತದೆಂದು ಎಲ್ಲರೂ ಕಾದರು, ಹೋಗಲಿಲ್ಲ. ನನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಇದನ್ನು ಖಚಿತವಾಗಿ ಹೇಳಬಲ್ಲೆ. ಆದರೆ ಮುಚ್ಚಿಡಲು ಏನೂ ಇಲ್ಲದವರಿಗೆ ಮುಚ್ಚುವ ಆಸೆ ಇರಬಾರದೆಂದು ಎಲ್ಲಿದೆ?

ಕಂಪ್ಯೂಟರನ್ನು ನಾನು ಮೊದಲು ಕಂಡದ್ದು ಹೈಸ್ಕೂಲಿನಲ್ಲಿ. ಅದಕ್ಕೆ ಪ್ರತ್ಯೇಕ ಕೋಣೆ, ಹೊಸ್ತಿಲಲ್ಲಿ ರಂಗೋಲಿ, ಚಪ್ಪಲಿ ಹೊರಗೆ. ಒಂದು ಕಂಪ್ಯೂಟರಿಗೆ ಒಂದು ಬೆಂಚಿನಷ್ಟು ಮಕ್ಕಳು. ಮೌಸ್ ಹಿಡಿಯುವ ಅಧಿಕಾರ ಧೈರ್ಯವಂತರದು, ಅಕ್ಷರ ಒತ್ತುವುದು ಅವರ ಗೆಳೆಯರದು. ಮೂರು ವರ್ಷಗಳಲ್ಲಿ ನನ್ನ ಪಾಲಿಗೆ ಬಂದದ್ದು ಅಕ್ಷರಗಳ ನಡುವೆ ಜಾಗ ಬಿಡುವ ಉದ್ದನೆಯ ಕೀಲಿ. ಬೇರೆಯವರ ಮಾತುಗಳ ನಡುವೆ ಖಾಲಿ ಜಾಗ ಬಿಡುವ ಕೆಲಸ. ನನ್ನ ಸ್ವಭಾವಕ್ಕೆ ಒಪ್ಪಿದ್ದೇ, ನಾನು ತಕರಾರು ಮಾಡಲಿಲ್ಲ.

ಬಿ.ಎ. ಮುಗಿದು, ಬ್ರಹ್ಮಾವರದಾಚೆ ಅರ್ಥಶಾಸ್ತ್ರದ ಎಂ.ಎ. ತರಗತಿಗೆ ಸೇರಿದಾಗ ಲ್ಯಾಪ್‌ಟಾಪಿನ ಮಾತು ಬಂತು. ಮೇಷ್ಟ್ರುಗಳು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಪಾಠದ ಚಿತ್ರ ಬಿಡುವ ಕಾಲ ಅದು. ಅವರು ಒಂದು ಪುಟ ದಾಟಿಸುವಷ್ಟರಲ್ಲಿ ನಾವು ಒಂದು ಶೀರ್ಷಿಕೆ ಬರೆದುಕೊಂಡಿರುತ್ತಿದ್ದೆವು. ನೋಟ್ಸ್ ಮಾಡಿಕೊಳ್ಳಲು ಬೇಕು ಎಂದು ಮನೆಯಲ್ಲಿ ಹೇಳಿದೆ. ಅದು ನಿಜವೇ. ಆದರೆ ತರಗತಿಯಲ್ಲಿ ಒಬ್ಬಳು ತನ್ನ ಲ್ಯಾಪ್‌ಟಾಪಿನ ಮುಚ್ಚಳವನ್ನು ಟಪ್ ಎಂದು ಇಳಿಸಿ ಎದ್ದು ಹೋದದ್ದನ್ನು ನೋಡಿದ್ದೆ. ಮತ್ತೊಬ್ಬಳು ಅದನ್ನು ತೆರೆದಾಗ ಅದು "ನೀನು ಯಾರು?" ಎಂದು ಗುಪ್ತಪದ ಕೇಳಿತು. ಮುಚ್ಚಿದರೆ ಮುಚ್ಚಿಕೊಳ್ಳುವ ವಸ್ತು! ನಮ್ಮ ಮನೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ.

ನಾನು ಎರಡು ತಿಂಗಳು ವಿಚಾರ ಮಾಡಿದೆ. ಬಸ್ಸಿನಲ್ಲಿ ಹೊರಬೇಕು, ಹಾಗಾಗಿ ಹಗುರ ಇರಬೇಕು. ಬ್ಯಾಟರಿ ಬಾಳಬೇಕು, ಏಕೆಂದರೆ ತರಗತಿಯಲ್ಲಿದ್ದ ಒಂದೇ ಪ್ಲಗ್ಗು ಮೇಷ್ಟ್ರದು. ಕೀಲಿಗಳು ಬೆರಳಿಗೆ ಒಪ್ಪಬೇಕು. ಹೀಗೆ ಅಳೆದು ಸುರಿದು ಒಂದು ಪುಟ್ಟದನ್ನು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ. ಕುಂದಾಪುರಕ್ಕೆ ಹೋಗಿ ತರುವುದಷ್ಟೇ ಬಾಕಿ ಎಂದು ನಂಬಿದ್ದೆ.

ನಮ್ಮ ಕಡೆ ಯಾರೂ ಒಬ್ಬರೇ ಹೋಗಿ ಏನನ್ನೂ ಕೊಳ್ಳುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಚಪ್ಪಲಿ ಕೊಳ್ಳಲೂ ನಾಲ್ಕು ಜನ, ಅದರಲ್ಲಿ ಇಬ್ಬರ ಕಾಲು ಬೇರೆ ಅಳತೆಯದು. ಬೆಳಿಗ್ಗೆ ಹೊರಟು ನಿಂತಾಗ ಅಪ್ಪಯ್ಯ ಬೈಂದೂರಿನ ತಮ್ಮ ಬಲೆ-ಹಗ್ಗದ ಅಂಗಡಿಗೆ ಬೀಗ ಹಾಕಿ ಬಂದಿದ್ದರು. ಅಮ್ಮ ಅಳತೆ ಟೇಪು ತೆಗೆದುಕೊಂಡಿದ್ದರು, ಅಂಗಿ ಹೊಲಿಯಲು. ಗುಲಾಬಿ ಅತ್ತೆ ಹೊಸ ಸೀರೆ ಉಟ್ಟಿತ್ತು.

"ಅತ್ತೆ, ನಿಮ್ಗ್ ಎಂತಕ್ ಸುಮ್ನೆ ತ್ರಾಸ್?" ಎಂದೆ.

"ತ್ರಾಸ್ ಎಂತದ್ ಹೆಣೆ? ಮೂವತ್ತ್ ವರ್ಷ ಮೀನ್ ಆರ್ಸಿದವ್ಳ್ ನಾನ್. ನಿಮ್ಗೆ ಅಂಗ್ಡಿಯವ್ರ್ ಹಳ್ಸಿದ್ ಕೊಟ್ರೂ ಗೊತ್ತಾತಿಲ್ಲ."

ಅತ್ತೆ ಒಣಮೀನಿನ ವ್ಯಾಪಾರ ಮಾಡಿ ಮಗಳು ಸುಮಿತ್ರೆಯನ್ನು ಬ್ರಹ್ಮಾವರಕ್ಕೆ ಮದುವೆ ಮಾಡಿ ಕೊಟ್ಟದ್ದು. ಅತ್ತೆಯ ಮಾತಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ.

ಅಂಗಡಿಯ ಹುಡುಗನಂಥ ಮಾಲೀಕ ನಮ್ಮ ತಂಡವನ್ನು ಕಂಡು, ಫ್ರಿಜ್ಜು ಕೊಳ್ಳಲು ಬಂದವರೆಂದು ಭಾವಿಸಿ ಆ ಕಡೆ ಕೈ ತೋರಿಸಿದ. ವಿಷಯ ತಿಳಿದ ಮೇಲೆ ನಾನು ಹೇಳಿದ ಪುಟ್ಟ ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲೆ ಇಟ್ಟ. ಬೂದು ಬಣ್ಣದ್ದು, ಒಂದು ಪಾಠಪುಸ್ತಕದಷ್ಟು. ನಾನು ಅದರ ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿದೆ. ಟಪ್. ಆ ಸದ್ದು ಇಂದಿಗೂ ಕಿವಿಯಲ್ಲಿದೆ.

ಅತ್ತೆ ಬಗ್ಗಿ ಅದರ ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತಿತು. "ಇದ್ ಮರಿ ಅಲ್ದಾ? ಬೆಳ್ದದ್ ಇಲ್ಯಾ?"

"ಇದು ಇಷ್ಟೇ ಅಮ್ಮ, ಬೆಳೀತಿಲ್ಲ," ಎಂದ ಮಾಲೀಕ, ಬಹಳ ವಿನಯದಿಂದ.

ಅಪ್ಪಯ್ಯನದು ಬೇರೆ ಶಾಸ್ತ್ರ. ಹಗ್ಗ, ಸರಪಳಿ, ಲಂಗರು ಮಾರುವವರಿಗೆ ತೂಕವೇ ಗುಣ. ಪುಟ್ಟದನ್ನು ಒಂದು ಕೈಯಲ್ಲಿ, ಪಕ್ಕದಲ್ಲಿದ್ದ ಅತಿ ದೊಡ್ಡದನ್ನು ಇನ್ನೊಂದು ಕೈಯಲ್ಲಿ ಎತ್ತಿ ಕಣ್ಣು ಮುಚ್ಚಿ ನಿಂತರು. "ಮಗಾ, ಇದ್ರಗೆ ಎಂತದೂ ಇಲ್ಲ. ಬರೀ ಖಾಲಿ. ಇದ್ ಕಾಣ್, ಹಿಡ್ದ್ರೆ ಕೈಗ್ ಗೊತ್ತಾತ್ತ್."

"ಹಗುರ ಇರುದೇ ಅದ್ರ ಗುಣ ಅಪ್ಪಯ್ಯ."

"ಹಗುರ ಇಪ್ಪುದ್ ಗುಣ ಆದ್ರೆ ಬಲೆ ಬೆಂಡೇ ತಕಂಬುಕಾಗ್ದಾ?" ಎಂದು ನಕ್ಕರು. ಮಾಲೀಕನೂ ನಕ್ಕ. ಗಿರಾಕಿ ಯಾರು ಎಂಬುದನ್ನು ಅವನು ಬೇಗ ಗುರುತಿಸಿದ್ದ.

ಈ ಹೊತ್ತಿಗೆ ಮುಂಬಯಿಯಲ್ಲಿ ಕ್ಯಾಂಟೀನು ನಡೆಸುವ ಶೇಖರ ಮಾವನಿಗೆ ಅಮ್ಮ ಫೋನು ಹಚ್ಚಿದ್ದರು. ಮುಂಬಯಿಯಲ್ಲಿ ಇರುವುದರಿಂದ ಮಾವನಿಗೆ ಎಲ್ಲವೂ ಗೊತ್ತು. ಅವರ ದನಿ ಇಡೀ ಅಂಗಡಿಗೆ ಕೇಳಿಸಿತು: "ಏಕ್‌ದಂ ದೊಡ್ಡ್ ಮಾಲ್ ತಕಣಿ ಅಕ್ಕ! ಸಣ್ಣದ್ ಇಲ್ಲಿ ಯಾರೂ ಮುಟ್ತಿಲ್ಲ!"

ಇಷ್ಟಾದರೂ ನಾನು ಸೋಲುತ್ತಿರಲಿಲ್ಲ. ಸೋಲಿಸಿದ್ದು ಅತ್ತೆ ಕೇಳಿದ ಒಂದು ಪ್ರಶ್ನೆ. "ಇದ್ರಗೆ ಸುಮಿತ್ರೆ ಮದಿ ಸಿ.ಡಿ. ಹಾಕುದ್ ಎಲ್ಲಿ?"

ಮಾಲೀಕ ಪುಟ್ಟದನ್ನು ಎತ್ತಿ ನಾಲ್ಕು ಬದಿಗಳನ್ನೂ ತೋರಿಸಿದ. "ಇದ್ಕ್ ಸಿ.ಡಿ. ಹಾಕುಕ್ ಬಾಯಿ ಇಲ್ಲ ಅಮ್ಮ."

ಆ ಕಾಲದಲ್ಲಿ ನಮ್ಮ ಕಡೆ ಮದುವೆಯ ಸಿ.ಡಿ. ಇಲ್ಲದ ಮನೆ ಇರಲಿಲ್ಲ. ಮೂರು ಸಿ.ಡಿ.ಗಳ ಕಟ್ಟು, ಅದರಲ್ಲಿ ವಧುವಿನ ಮುಖ ಗುಲಾಬಿ ಹೂವಿನೊಳಗಿಂದ ಬರುತ್ತದೆ, ವರನ ತಂದೆಯ ಮುಖ ಹೃದಯದೊಳಗಿಂದ, ಅಡುಗೆಯವರದು ನಕ್ಷತ್ರದೊಳಗಿಂದ. ಉಪ್ಪುಗಾಳಿ ನಮ್ಮ ಸಿ.ಡಿ. ಪ್ಲೇಯರನ್ನು, ಅಂಗಿ ತೊಡಿಸಿದ್ದರೂ, ತಿಂದು ಮುಗಿಸಿತ್ತು. ಅಂದಿನಿಂದ ಸುಮಿತ್ರೆಯ ಮದುವೆ ಅತ್ತೆಯ ಕಪಾಟಿನಲ್ಲಿ ಉಸಿರು ಕಟ್ಟಿ ಕುಳಿತಿತ್ತು.

"ಬಾಯಿ ಇಲ್ದಿದ್ದ್ ಎಂತಕ್ಕೆ?" ಎಂದಿತು ಅತ್ತೆ, ನನ್ನನ್ನು ನೋಡುತ್ತ. ಆ ಮಾತು ಯಂತ್ರಕ್ಕೆ ಹೇಳಿದ್ದೋ ನನಗೆ ಹೇಳಿದ್ದೋ ಎಂದು ನಾನು ವಿಚಾರಿಸಲಿಲ್ಲ.

ದೊಡ್ಡದೇ ಬಂತು. ಆದರೆ ನನಗೆ ಇನ್ನೂ ಒಂದು ಆಸೆ ಉಳಿದಿತ್ತು. ಮಾಲೀಕ ಅದನ್ನು ಸಿದ್ಧಗೊಳಿಸುತ್ತ ಎಲ್ಲರಿಗೂ ಕೇಳುವಂತೆ, "ಪಾಸ್‌ವರ್ಡ್ ಎಂತ ಹಾಕ್ಲಿ?" ಎಂದ.

"ಅದೆಂತಕ್?" ಅಪ್ಪಯ್ಯ ಕೇಳಿದರು.

"ಬೇರೆಯವ್ರ್ ತೆಗೀದಂಗೆ."

"ಬೇರೆಯವ್ರ್ ಯಾರಿದ್ರ್ ನಮ್ಮನ್ಯಗೆ?"

ನಾನೇ ಹಾಕಿಕೊಳ್ಳುತ್ತೇನೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತೀರ್ಮಾನ ಕೊಟ್ಟರು: "ಎಲ್ಲರಿಗೂ ನೆನ್ಪ್ ಇಪ್ಪಂಥದ್ ಹಾಕಿ. ಮನಿ ಹೆಸ್ರ್ ಹಾಕಿ." ಹೀಗೆ ನನ್ನ ಜೀವನದ ಮೊದಲ ಗುಪ್ತಪದ ನಮ್ಮ ಮನೆಯ ಹೆಸರಾಯಿತು. ಅದು ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರಿಗೂ ಕಾಣುವಷ್ಟು ದೊಡ್ಡದಾಗಿ, ಕೆಂಪು ಅಕ್ಷರಗಳಲ್ಲಿ, ನಮ್ಮ ಗೇಟಿನ ಕಮಾನಿನ ಮೇಲೆ ಬರೆದಿತ್ತು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಹೂವಿನ ಅಂಗಿ ತೊಟ್ಟ ಆ ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರೆ ತಲ್ಲೂರು ಬರುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಒಮ್ಮೆ ಪಕ್ಕಕ್ಕೆ ಇಟ್ಟಾಗ ಕಂಡಕ್ಟರು, "ಅಕ್ಕ, ಹಾರ್ಮೋನಿ ಮೇಲೆ ಇಡಿ, ಸೀಟ್ ಬಿಡಿ" ಎಂದ. ಬ್ಯಾಟರಿ ಮೇಷ್ಟ್ರು ಹಾಜರಿ ಕರೆಯುವಷ್ಟು ಹೊತ್ತು ಬಾಳುತ್ತಿತ್ತು. ಆ ಹೊತ್ತಿನಲ್ಲಿ ನಾನು ಅದರಲ್ಲಿ ಬರೆದ ಮೊದಲ ವಾಕ್ಯ ಇನ್ನೂ ನೆನಪಿದೆ: "ಗ್ರಾಹಕನು ತನಗೆ ಬೇಕಾದುದನ್ನು ಸ್ವತಂತ್ರವಾಗಿ, ವಿವೇಚನೆಯಿಂದ ಆರಿಸಿಕೊಳ್ಳುತ್ತಾನೆ." ಅರ್ಥಶಾಸ್ತ್ರ ಹುಟ್ಟಿದ ಊರಿನಲ್ಲಿ ಅತ್ತೆಯಂದಿರು ಇರಲಿಲ್ಲವೆಂದು ಕಾಣುತ್ತದೆ.

ಮನೆಯಲ್ಲಿ ಅದಕ್ಕೆ ಬೇರೆ ಬದುಕಿತ್ತು. ನಾನು ಕಾಲೇಜಿಗೆ ಒಯ್ಯದ ದಿನ ಅದು ಜಗಲಿಯ ಮೇಲೆ ತೆರೆದೇ ಇರುತ್ತಿತ್ತು. ಆಸುಪಾಸಿನವರೆಲ್ಲ ತಮ್ಮ ತಮ್ಮ ಮದುವೆ ತಂದು ಹಾಕುತ್ತಿದ್ದರು. ನಾನು ಅಂತ್ಯಪರೀಕ್ಷೆಗೆ ಓದುವಾಗ ಕೀಲಿಗಳ ಸಂದಿನಿಂದ ಚಕ್ಕುಲಿಯ ಪುಡಿ ಉದುರುತ್ತಿತ್ತು. ಅದನ್ನೂ ಸಹಿಸಿಕೊಂಡೆ. ಒಂದು ದಿನ ಅಪ್ಪಯ್ಯನ ಅಂಗಡಿಯ ಗಿರಾಕಿಯೊಬ್ಬರು, ನಿವೃತ್ತ ಮಾಸ್ತರರು, ಚಹಾ ಬರುವವರೆಗೆ ಹೊತ್ತು ಕಳೆಯಲು ನನ್ನ ನೋಟ್ಸ್ ಓದಿದರು. ಓದಿದ್ದಷ್ಟೇ ಅಲ್ಲ, ನಾಲ್ಕು ಕಡೆ ವಾಕ್ಯ ತಿದ್ದಿ ಉಳಿಸಿಟ್ಟು ಹೋದರು. ಹೋಗುವಾಗ "ಹೆಣ್ಣ್ ಚಂದ ಬರಿತ್ತ್, ಆದ್ರೆ ವಾಕ್ಯ ಉದ್ದ ಆತ್ತ್" ಎಂದು ಹೇಳಿಹೋದರಂತೆ. ಬೈದಿದ್ದರೆ ಸುಮ್ಮನಿರುತ್ತಿದ್ದೆ. ಹೊಗಳಿದ್ದರಿಂದ ಸಿಟ್ಟು ಬಂತು. ಅವತ್ತು ಸಂಜೆಯೇ, ದೀಪ ಹಚ್ಚುವ ಮೊದಲು, ಗುಪ್ತಪದವನ್ನು ಬದಲಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ಗುಪ್ತಪದವಲ್ಲ ಎಂಬುದು ನನ್ನ ವಾದವಾಗಿತ್ತು. ಧೈರ್ಯ ಇರಲಿಲ್ಲ ಎಂಬುದು ಸತ್ಯ.

ಆ ಭಾನುವಾರ ಸುಮಿತ್ರೆಯ ಅತ್ತೆ ಬ್ರಹ್ಮಾವರದಿಂದ ಬಂದರು. ಮದುವೆಯ ದಿನ ತಾವು ಉಟ್ಟ ಸೀರೆ ಸಿ.ಡಿ.ಯಲ್ಲಿ ಹೇಗೆ ಬಂದಿದೆಯೆಂದು ಅವರು ಇನ್ನೂ ನೋಡಿರಲಿಲ್ಲ. ಗುಲಾಬಿ ಅತ್ತೆ ಬೀಗಿತ್ತಿಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿತು. ಅಪ್ಪಯ್ಯ ಲ್ಯಾಪ್‌ಟಾಪ್ ತೆರೆದು ಒಂದೇ ಬೆರಳಿನಿಂದ, ಗೇಟನ್ನು ಮನಸ್ಸಿನಲ್ಲಿ ಕಂಡುಕೊಂಡು, ಮನೆಯ ಹೆಸರು ಒತ್ತಿದರು. ತೆರೆಯಲಿಲ್ಲ. ಮತ್ತೆ ಒತ್ತಿದರು. ಅಮ್ಮ ಒತ್ತಿದರು. ನಾನು ಅಡುಗೆಮನೆಯ ಬಾಗಿಲಿನಲ್ಲಿ ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದೆ.

"ಉಪ್ಪ್ ಗಾಳಿ ಒಳ್ಗ್ ಹೋಯ್ತ್ ಕಾಂತ್ತ್," ಅಮ್ಮನ ಮುಖ ಸಣ್ಣದಾಯಿತು.

"ಅಂಗ್ಡಿಯವ ಮೋಸ ಮಾಡ್ದ," ಎಂದರು ಅಪ್ಪಯ್ಯ. "ನಾಳಿಗ್ ತಕಂಡ್ ಹೋಯಿ ಅವ್ನ್ ಮುಖಕ್ ಹಿಡಿತೆ."

ಗುಲಾಬಿ ಅತ್ತೆ ಬೀಗಿತ್ತಿಯ ಎದುರು ತಲೆ ತಗ್ಗಿಸಿ, ಸಿ.ಡಿ.ಯನ್ನು ಸೆರಗಿನಿಂದ ಒರೆಸುತ್ತ ಕುಳಿತಿತ್ತು. ಹಳಸಿದ್ದನ್ನು ಆರಿಸಿ ತಂದವಳೆಂಬ ಹೆಸರು ಬಂತಲ್ಲ ಎಂಬ ಸಂಕಟ ಆ ಒರೆಸುವಿಕೆಯಲ್ಲಿ ಕಾಣುತ್ತಿತ್ತು. ಸುಮ್ಮನೆ ಹೋಗಿ ಒತ್ತಿ ತೆರೆದುಕೊಟ್ಟರೆ ನಾಲ್ಕು ಜೊತೆ ಕಣ್ಣು ನನ್ನ ಬೆರಳುಗಳ ಮೇಲೆ ಇರುತ್ತಿದ್ದವು. ಸುಮ್ಮನೆ ನಿಂತರೆ ಅಂಗಡಿಯವನಿಗೂ ಅತ್ತೆಗೂ ಇಲ್ಲದ ಅಪವಾದ.

"ಹಾಳಾಯ್ಲಿಲ್ಲ," ಎಂದೆ. "ನಾನ್ ಪಾಸ್‌ವರ್ಡ್ ಬದ್ಲ್ ಮಾಡಿದೆ."

"ಹೌದಾ? ಹೇಳ್ ಹಂಗಾರೆ," ಅಪ್ಪಯ್ಯ ಬೆರಳು ಎತ್ತಿ ಸಿದ್ಧರಾದರು.

"ಹೇಳ್ತಿಲ್ಲೆ."

ಜಗಲಿಯಲ್ಲಿ ಸಮುದ್ರ ಕೇಳಿಸಿತು. ಅಪ್ಪಯ್ಯನ ಬೆರಳು ಗಾಳಿಯಲ್ಲೇ ಉಳಿಯಿತು. ಅಮ್ಮ, "ನಮ್ಗೂ ಹೇಳುಕಾಗ್ದಿದ್ದ್ ಎಂತ ಇತ್ತ್ ಅದ್ರಗೆ?" ಎಂದರು. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿದ್ದ ದನಿ. ಏನೂ ಇಲ್ಲ, ಬೇಡಿಕೆಯ ನಿಯಮ ಇದೆ, ಪೂರೈಕೆಯ ನಿಯಮ ಇದೆ ಎಂದು ಹೇಳಬಹುದಿತ್ತು. ಯಾರೂ ನಂಬುತ್ತಿರಲಿಲ್ಲ. ನನ್ನ ಬಾಯಿಗೆ ಬಂದದ್ದು ಎಂಥದೋ ಹಳೆಯ ಮಾತು.

"ನಾನೇ ತೆಗ್ದ್ ಕೊಡ್ತೆ. ಎಲ್ಲ ಚೂರ್ ಆಚಿ ಮುಖ ಮಾಡಿ."

ಮೊದಲು ತಿರುಗಿದ್ದು ಗುಲಾಬಿ ಅತ್ತೆ. ಯೋಚಿಸಲೂ ಇಲ್ಲ, ಆ ಮಾತು ಕಿವಿಗೆ ಬಿದ್ದರೆ ಅತ್ತೆಯ ಕುತ್ತಿಗೆ ತಾನಾಗಿ ತಿರುಗುತ್ತದೆ. ತಿರುಗಿದ್ದೇ ಬೀಗಿತ್ತಿಯ ಭುಜ ಹಿಡಿದು ಅವರನ್ನೂ ತಿರುಗಿಸಿತು. ಅಮ್ಮ ತಿರುಗಿದರು. ಅಪ್ಪಯ್ಯ ಮಾತ್ರ ಏನಾಗುತ್ತಿದೆಯೆಂದು ತಿಳಿಯದೆ ನಿಂತಿದ್ದರು.

"ಹ್ವಾಯ್, ನಿಂಗ್ ಬೇರೆ ಹೇಳ್ಕಾ? ಹೆಣ್ಣ್ ಹೇಳ್ತಿತ್ತ್ ಅಲ್ದಾ, ಆಚಿ ಮುಖ ಮಾಡ್!" ಎಂದು ಅತ್ತೆ ತಮ್ಮನ ತೋಳು ಹಿಡಿದು ಗೋಡೆಯ ಕಡೆ ನಿಲ್ಲಿಸಿತು.

ನಾಲ್ಕು ಬೆನ್ನುಗಳ ಎದುರು ನಾನು ಕುಳಿತೆ. ಗೋಡೆಯ ಕಡೆಯಿಂದ ಮಾತು ಆಗಲೇ ಶುರುವಾಗಿತ್ತು. ಬೀಗಿತ್ತಿ ಕ್ಯಾಲೆಂಡರ್ ನೋಡಿ ಮುಂದಿನ ಏಕಾದಶಿ ಯಾವಾಗ ಎನ್ನುತ್ತಿದ್ದರು. ಚಿಲಕವಿಲ್ಲದ ಆ ಮನೆಯಲ್ಲಿ ನನಗೆ ಅಷ್ಟು ದೊಡ್ಡ ಕೋಣೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ನಿಧಾನವಾಗಿ ಒತ್ತಿದೆ. "ಆಯ್ತ್," ಎಂದೆ. ಎಲ್ಲರೂ ತಿರುಗಿದರು. ಗುಲಾಬಿ ಹೂವಿನೊಳಗಿಂದ ಸುಮಿತ್ರೆ ಹೊರಬಂದಳು.

ಅಂದಿನಿಂದ ಯಾರೂ ಗುಪ್ತಪದ ಕೇಳಲಿಲ್ಲ. ಅಮ್ಮ ಆ ವಾರ ಚೀಲದ ಬಾಯಿಗೆ ಲಂಗದ ಲಾಡಿ ಸೇರಿಸಿ, ಬೇರೆಯವರಿಗೆ ಬಿಚ್ಚಲು ಬಾರದಂಥ ಗಂಟು ಹಾಕಿಕೊಟ್ಟರು. ನನ್ನ ಕಾವಲಿಗೆ ಅವರ ಪಾಲು. ನಾನು ಲ್ಯಾಪ್‌ಟಾಪ್ ತೆರೆದಾಗ ಜಗಲಿ ದಾಟುವವರು ಅಪ್ಪಯ್ಯನ ಸಮೇತ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಹೋಗುತ್ತಿದ್ದರು. ಅಪ್ಪಯ್ಯ ಹಾಗೆ ಹೋಗಿ ಒಮ್ಮೆ ಕಂಬಕ್ಕೆ ಹಣೆ ಹೊಡೆದುಕೊಂಡರು. ನಾನು ಗುಪ್ತಪದ ಒತ್ತುವ ಹೊತ್ತು ಯಾವುದೆಂದು ಇಡೀ ಕೇರಿಗೆ ಗೊತ್ತಿರುತ್ತಿತ್ತು. ಪದ ಮಾತ್ರ ಗೊತ್ತಿರಲಿಲ್ಲ.

ಕಳೆದ ತಿಂಗಳು ಚೀಲ ಸಿಕ್ಕಿದ ದಿನವೇ ಅತ್ತೆಯ ಜೊತೆ ಬೈಂದೂರಿಗೆ ಹೋಗಿದ್ದೆ. ಕೆಲಸವಿತ್ತೆಂದು ಎ.ಟಿ.ಎಂ. ಎದುರಿನ ಸಾಲಿನಲ್ಲಿ ನಿಂತೆವು. ಬಾಗಿಲು ಮುರಿದು ತೆರೆದೇ ಇತ್ತು. ನನ್ನ ಸರದಿ ಬಂದು ಕಾರ್ಡು ಹಾಕಿದೆನೋ ಇಲ್ಲವೋ, ಅತ್ತೆ ನನಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ, ಇಡೀ ಸಾಲಿಗೆ ಅಪ್ಪಣೆ ಕೊಟ್ಟಿತು:

"ಹ್ವಾಯ್! ಎಲ್ಲ ಆಚಿ ಮುಖ ಮಾಡಿ! ನಮ್ ಹೆಣ್ಣ್ ನಂಬ್ರ ಒತ್ತತ್ತ್!"

ಮೀನಿನ ಬುಟ್ಟಿಯವರು, ಶಾಲೆಯ ಟೀಚರು, ಹೆಲ್ಮೆಟ್ ಹಾಕಿದವರು, ಕಾವಲುಗಾರ, ಎಲ್ಲರೂ ಹೆದ್ದಾರಿಯ ಕಡೆ ತಿರುಗಿ ನಿಂತರು. ಅಷ್ಟು ಬೆನ್ನುಗಳನ್ನು ಒಟ್ಟಿಗೆ ಕಂಡ ಗಾಬರಿಗೆ ನನಗೆ ನಂಬರು ಮರೆತೇ ಹೋಯಿತು.